ಬೇಸಿಗೆಯ ಭೇದಿ ಬೇರೆ, ಚಳಿಗಾಲದ ಭೇದಿ ಬೇರೆ: ಚೀನಾದ ವೈದ್ಯರು ಕರುಳಿನ ಕಾಯಿಲೆಯಲ್ಲಿ ಋತುವನ್ನು ನೋಡುವ ಬಗೆ

ಜುಲೈ ತಿಂಗಳಲ್ಲಿ ಚೀನಾದ ಔಷಧಿ ಅಂಗಡಿಗೆ ಹೋಗಿ, ಹೊಟ್ಟೆ ಕೆಟ್ಟಿದೆ, ವಾಕರಿಕೆ ಬರುತ್ತಿದೆ, ತಲೆ ಭಾರ ಅಂತ ಹೇಳಿದರೆ ಹೆಚ್ಚಾಗಿ ಒಂದೇ ಮದ್ದನ್ನು ಮುಂದಿಡುತ್ತಾರೆ. ಅದರ ಹೆಸರು ಹುವೋಶಿಯಾಂಗ್ ಝೆಂಗ್‌ಚಿ. ಕಂದು ಬಣ್ಣದ ಘಾಟು ದ್ರವ ತುಂಬಿದ ಪುಟ್ಟ ಬಾಟಲಿ. ಜನವರಿಯ ಚಳಿಯಲ್ಲಿ ವಯಸ್ಸಾದವರೊಬ್ಬರು ಸಾಂಪ್ರದಾಯಿಕ ವೈದ್ಯರ ಹತ್ತಿರ ಬಂದು, ದಿನಾ ಕೋಳಿ ಕೂಗುವ ಹೊತ್ತಿಗೆ ಹೊಟ್ಟೆ ಗುಡುಗುಟ್ಟಿ ಎಬ್ಬಿಸುತ್ತದೆ, ಓಡಬೇಕಾಗುತ್ತದೆ ಎಂದರೆ ಆ ಬಾಟಲಿಯ ಮಾತೇ ಬರುವುದಿಲ್ಲ. ಜಾಯಿಕಾಯಿ ಹಾಕಿದ ಬೇರೊಂದು ಗುಳಿಗೆ ಸಿಗುತ್ತದೆ. ಎರಡೂ ಭೇದಿಯೇ. ಮದ್ದು ಮಾತ್ರ ಬೇರೆ.

ಈ ಫರಕಿನ ಹಿಂದೆ ಸುಮಾರು ಎರಡು ಸಾವಿರ ವರ್ಷ ಹಳೆಯ ಒಂದು ಲೆಕ್ಕಾಚಾರ ಇದೆ. ಅದನ್ನು ಕಣ್ಣು ಮುಚ್ಚಿ ನಂಬುವವರೂ ಇದ್ದಾರೆ, ಮೂಢನಂಬಿಕೆ ಅಂತ ತಳ್ಳಿಹಾಕುವವರೂ ಇದ್ದಾರೆ. ಒಳಗೆ ಇಳಿದು ನೋಡಿದರೆ ಅಲ್ಲಿ ಬಹಳ ಕಾಲದ ಗಮನವೂ ಇದೆ, ಊಹೆಯೂ ಇದೆ, ವೈದ್ಯರ ನಡುವಿನ ದೊಡ್ಡ ಜಗಳಗಳೂ ಇವೆ. ಪಂಚಾಂಗ ನೋಡಿ ಮದ್ದು ಕೊಡುತ್ತಾರೆ ಎಂಬ ಕಲ್ಪನೆಯನ್ನಂತೂ ಮೊದಲೇ ಬಿಟ್ಟುಬಿಡಬೇಕು. ಒಳ್ಳೆಯ ಚೀನೀ ವೈದ್ಯರಿಗೆ ಋತು ಎಂದರೆ ಮೊದಲ ಸುಳಿವು. ಅದನ್ನು ರೋಗಿಯ ನಾಲಿಗೆ, ನಾಡಿ, ಮಲದ ಬಣ್ಣ ಮತ್ತು ವಾಸನೆಯ ಜೊತೆ ಇಟ್ಟು ನೋಡಿದ ಮೇಲೇ ತೀರ್ಮಾನ.

ಮೊದಲು ಹೊಟ್ಟೆಯೊಳಗಿನ ಚಿತ್ರ

ಚೀನೀ ವೈದ್ಯದಲ್ಲಿ ಜೀರ್ಣದ ಯಜಮಾನ ಹೊಟ್ಟೆಯೂ ಅಲ್ಲ, ಕರುಳೂ ಅಲ್ಲ. 'ಪಿ' ಎಂಬ ಅಂಗ. ಇದನ್ನು ಸಾಮಾನ್ಯವಾಗಿ ಗುಲ್ಮ ಎನ್ನುತ್ತಾರೆ. ಆದರೆ ಇಂದಿನ ಡಾಕ್ಟರು ಸ್ಕ್ಯಾನ್‌ನಲ್ಲಿ ತೋರಿಸುವ ಗುಲ್ಮಕ್ಕೂ ಇದಕ್ಕೂ ಸಂಬಂಧ ಕಡಿಮೆ. ಪಿ ಎಂದರೆ ಒಂದು ಕೆಲಸದ ಹೆಸರು ಅಂದುಕೊಂಡರೆ ಸುಲಭ. ಉಂಡದ್ದರ ಸಾರವನ್ನು ಹೀರಿ ಮೇಲಕ್ಕೆ ಕಳಿಸುವುದು, ನೀರನ್ನು ಮೈಯಲ್ಲಿ ಸರಿಯಾಗಿ ಓಡಾಡಿಸುವುದು ಅದರ ಕೆಲಸ. ಸಾರ ಮತ್ತು ಕಸವನ್ನು ಬೇರೆ ಮಾಡುವುದು ಸಣ್ಣ ಕರುಳಿನ ಕೆಲಸ. ಉಳಿದ ಕಸವನ್ನು ಹೊರಹಾಕುವುದು ದೊಡ್ಡ ಕರುಳಿನ ಕೆಲಸ. ಪಿ ಸೋತಾಗ ಸಾರ ಮೇಲೇರುವ ಬದಲು ಕೆಳಗೆ ಜಾರುತ್ತದೆ. ಅದೇ ಭೇದಿ.

ಪಿಗೆ ಒಬ್ಬ ದೊಡ್ಡ ಶತ್ರು ಇದೆ. ಅದು ತೇವ. ಹವೆಯ ತೇವ, ಒದ್ದೆ ನೆಲದ ತೇವ, ಜಿಡ್ಡಿನ ಊಟ ಮತ್ತು ತಣ್ಣನೆಯ ಪಾನೀಯದಿಂದ ಒಳಗೇ ಹುಟ್ಟುವ ತೇವ. ಚೀನೀ ವೈದ್ಯದ ಮೂಲಗ್ರಂಥ 'ಹುವಾಂಗ್‌ಡಿ ನೇಯ್‌ಜಿಂಗ್' ಹಾನ್ ರಾಜರ ಕಾಲದ ಸುಮಾರಿಗೆ, ಅಂದರೆ ಎರಡು ಸಾವಿರ ವರ್ಷಗಳ ಹಿಂದೆ ರೂಪ ಪಡೆಯಿತು. ತೇವ ಮೇಲುಗೈ ಪಡೆದರೆ ನೀರಾದ ಭೇದಿ ಆಗುತ್ತದೆ ಎಂದು ಅದು ನೇರವಾಗಿ ಹೇಳುತ್ತದೆ. ಮುಂದಿನ ಎಲ್ಲ ವೈದ್ಯರೂ ಭೇದಿಯ ಅಧ್ಯಾಯವನ್ನು ಈ ಮಾತಿನ ಮೇಲೆಯೇ ಕಟ್ಟಿದ್ದಾರೆ.

ಇನ್ನು ಋತು. ನಾಲ್ಕು ಋತು, ಆದರೆ ಐದು ಧಾತು. ಮರ, ಬೆಂಕಿ, ಮಣ್ಣು, ಲೋಹ, ನೀರು. ಈ ಲೆಕ್ಕ ಹೊಂದಿಸಲು ಅವರು ಎರಡು ದಾರಿ ಹಿಡಿದರು. ಒಂದರಲ್ಲಿ ವಸಂತಕ್ಕೆ ಮರ, ಬೇಸಿಗೆಗೆ ಬೆಂಕಿ, ಶರತ್ತಿಗೆ ಲೋಹ, ಚಳಿಗಾಲಕ್ಕೆ ನೀರು, ತಲಾ 72 ದಿನ. ಪ್ರತಿ ಋತುವಿನ ಕೊನೆಯ 18 ದಿನ ಮಣ್ಣಿಗೆ. ಹೀಗೆ ಮಣ್ಣಿಗೂ 72 ದಿನ, ಒಟ್ಟು 360. ಇನ್ನೊಂದು ದಾರಿಯಲ್ಲಿ ಬೇಸಿಗೆ ಮತ್ತು ಶರತ್ತಿನ ನಡುವೆ 'ದೀರ್ಘ ಬೇಸಿಗೆ' ಎಂಬ ಐದನೆಯ ಋತುವನ್ನೇ ಸೇರಿಸಿದರು. ಅದು ಮಣ್ಣಿನ ಋತು, ತೇವದ ಋತು, ಪಿಯ ಋತು. ಕರುಳಿನ ಕಾಯಿಲೆಗೆ ಇದೇ ಮುಖ್ಯ ಕಾಲ. ದೀರ್ಘ ಬೇಸಿಗೆಯಲ್ಲಿ ಜನರಿಗೆ ಧಾರೆಯಾಗಿ ಭೇದಿ ಆಗುತ್ತದೆ, ಹೊಟ್ಟೆಯೊಳಗೆ ತಣ್ಣಗಾಗುತ್ತದೆ ಎಂದು ನೇಯ್‌ಜಿಂಗ್ ಬರೆಯುತ್ತದೆ.

ಪೂರ್ವ ಚೀನಾದ ಹವೆ ಗೊತ್ತಿದ್ದರೆ ಈ ಐದನೆಯ ಋತು ಎಲ್ಲಿಂದ ಬಂತು ಎಂದು ಹೆಚ್ಚು ಯೋಚಿಸಬೇಕಿಲ್ಲ. ಯಾಂಗ್‌ಟ್ಸಿ ನದಿಯ ಕೆಳಭಾಗದಲ್ಲಿ ಜೂನ್‌ನಿಂದ ಜುಲೈವರೆಗೆ ವಾರಗಟ್ಟಲೆ ಮಳೆ ಹಿಡಿಯುತ್ತದೆ. ಪ್ಲಮ್ ಹಣ್ಣಾಗುವ ಕಾಲದ ಮಳೆ ಅದು. ಗೋಡೆಗೆ, ಬಟ್ಟೆಗೆ ಬೂಷ್ಟು ಬರುತ್ತದೆ. ಆಮೇಲೆ ಬೇಗೆ. ಸೆಕೆ ಮತ್ತು ತೇವ ಕೂಡಿದ ಈ ದಿನಗಳಲ್ಲಿ ಅನ್ನ ಬೇಗ ಹಳಸುತ್ತದೆ, ನೀರು ಕೆಡುತ್ತದೆ, ನೊಣ ಜಾಸ್ತಿ. ಜನರ ಹೊಟ್ಟೆ ಕೆಡುವುದನ್ನು ವೈದ್ಯರು ವರ್ಷ ವರ್ಷ ಕಂಡರು. ಕಾರಣಕ್ಕೆ ತೇವ ಎಂಬ ಹೆಸರು ಕೊಟ್ಟರು. ಕಣ್ಣಿಗೆ ಕಾಣದ ಕ್ರಿಮಿ ಅವರಿಗೆ ಗೊತ್ತಿರಲಿಲ್ಲ. ಆದರೆ ಕ್ರಿಮಿ ಬೆಳೆಯುವ ಹವೆ ಯಾವುದು ಎಂದು ಚೆನ್ನಾಗಿ ಗೊತ್ತಿತ್ತು.

ದೀರ್ಘ ಬೇಸಿಗೆಯ ಮದ್ದು

ಸೋಂಗ್ ರಾಜರು 1076ರಲ್ಲಿ ರಾಜಧಾನಿ ಕೈಫೆಂಗ್‌ನಲ್ಲಿ ಸರ್ಕಾರಿ ಔಷಧಿ ಅಂಗಡಿ ತೆರೆದರು. ಸಿದ್ಧ ಪುಡಿ, ಗುಳಿಗೆಗಳನ್ನು ಜನರಿಗೆ ಮಾರುವುದು ಅದರ ಕೆಲಸ. ಆ ಅಂಗಡಿಗಳ ಯೋಗಗಳನ್ನು, ಅಂದರೆ ಹಲವು ಮೂಲಿಕೆ ಬೆರೆಸಿ ಮಾಡುವ ಮದ್ದುಗಳನ್ನು, ಸೇರಿಸಿ ಒಂದು ಅಧಿಕೃತ ಪಟ್ಟಿ ಮಾಡಿದರು. 12ನೆಯ ಶತಮಾನದ ಮಧ್ಯದವರೆಗೂ ಅದು ಬೆಳೆಯುತ್ತ ಹೋಯಿತು. ಹುವೋಶಿಯಾಂಗ್ ಝೆಂಗ್‌ಚಿ ಬಂದದ್ದು ಅಲ್ಲಿಂದ. ಸುಮಾರು 900 ವರ್ಷ ಹಳೆಯ ಯೋಗ ಇಂದಿಗೂ ಅಂಗಡಿಯಲ್ಲಿ ಹತ್ತು ಮಿಲಿಲೀಟರ್ ಬಾಟಲಿಯಲ್ಲಿ ಸಿಗುತ್ತದೆ.

ಅದರೊಳಗೆ ಏನಿದೆ ಎಂದು ನೋಡಿದರೆ ತರ್ಕ ಬಿಡಿಸಿಕೊಳ್ಳುತ್ತದೆ. ಹುವೋಶಿಯಾಂಗ್ ಎಂದರೆ ಸುವಾಸನೆಯ ಎಲೆ. ಈಗ ಹೆಚ್ಚಾಗಿ ಬಳಸುವುದು ಪಚೋಲಿ, ಅತ್ತರಿಗೆ ಎಣ್ಣೆ ತೆಗೆಯುವ ಅದೇ ಗಿಡ. ಜೊತೆಗೆ ಮ್ಯಾಗ್ನೋಲಿಯಾ ತೊಗಟೆ, ಒಣಗಿಸಿದ ಕಿತ್ತಳೆ ಸಿಪ್ಪೆ, ಫೂಲಿಂಗ್ ಎಂಬ ಅಣಬೆ, ಶುಂಠಿ, ಅತಿಮಧುರ ಮತ್ತಿತರ ಮೂಲಿಕೆಗಳು. ಪರಿಮಳದ ವಸ್ತುಗಳು ತೇವವನ್ನು ಚದುರಿಸುತ್ತವೆ, ಪಿಯನ್ನು ಎಚ್ಚರಿಸುತ್ತವೆ ಎಂಬುದು ಅವರ ನಂಬಿಕೆ. ಫೂಲಿಂಗ್ ತೇವವನ್ನು ಮೂತ್ರದ ದಾರಿಯಲ್ಲಿ ಕಳಿಸುತ್ತದೆ ಎನ್ನುತ್ತಾರೆ. ಕರುಳಿಗೆ ಹೋಗುವ ನೀರನ್ನು ಬೇರೆ ಕಾಲುವೆಗೆ ತಿರುಗಿಸುವ ಲೆಕ್ಕ.

ಇದೇ ಪಟ್ಟಿಯಲ್ಲಿ ಅಡಿಕೆ ಸಿಪ್ಪೆಯೂ ಇದೆ! ನಮ್ಮ ಮಲೆನಾಡಿನಲ್ಲಿ ಸುಲಿದು ರಾಶಿ ಹಾಕುವ, ಏನು ಮಾಡುವುದು ಎಂದು ಬೆಳೆಗಾರರು ತಲೆ ಕೆಡಿಸಿಕೊಳ್ಳುವ ಅದೇ ಸಿಪ್ಪೆ. ಅಲ್ಲಿ ಅದು ಹೊಟ್ಟೆ ಉಬ್ಬರಕ್ಕೆ ಮದ್ದು. ಅಡಿಕೆಯನ್ನೂ ಬಿಟ್ಟಿಲ್ಲ. ಕರುಳಿನ ಹುಳುವಿಗೆ, ಆಮಶಂಕೆಯಲ್ಲಿ ಕುಳಿತಷ್ಟೂ ತಿಣುಕಬೇಕು ಅನ್ನಿಸುವ ಸಂಕಟಕ್ಕೆ ಅದನ್ನು ಕಷಾಯದಲ್ಲಿ ಹಾಕುತ್ತಾರೆ.

ಪಿಯೇ ಸೊರಗಿ, ತಿಂದದ್ದು ಮೈಗೆ ಹತ್ತದೆ ತಿಂಗಳುಗಟ್ಟಲೆ ತೆಳ್ಳಗೆ ಹೋಗುತ್ತಿದ್ದರೆ ಬೇರೆ ಯೋಗ ಇದೆ. ಅದೂ ಸರ್ಕಾರಿ ಅಂಗಡಿಯ ಪಟ್ಟಿಯದೇ. ಜಿನ್ಸೆಂಗ್, ತಾವರೆ ಬೀಜ, ಒಂದು ಜಾತಿಯ ಗೆಣಸು, ಜೊತೆಗೆ ಅವರೆ. ಹೌದು, ನಮ್ಮ ಅವರೆಯೇ, ಬಿಳಿ ಬೀಜದ್ದು. ನಮಗೆ ಅವರೆ ಎಂದರೆ ಚಳಿಗಾಲದ ಸೊಗಡು. ಅವರಿಗೆ ಅದು ಬೇಸಿಗೆಯ ತೇವ ಕಳೆಯುವ ಕಾಳು. ಪಿಯನ್ನು ಬಲಪಡಿಸಲು ಹುರಿದು ಹಾಕುತ್ತಾರೆ. ಈ ಯೋಗದ ಬಹುಪಾಲು ಅಡುಗೆಮನೆಯ ವಸ್ತು. ಹಾಗಾಗಿ ಗಂಜಿಯ ರೂಪದಲ್ಲೂ ಉಣ್ಣುತ್ತಾರೆ.

ಇಲ್ಲಿ ಒಂದು ವಿಚಿತ್ರ ಗಮನಿಸಬೇಕು. ಬೇಸಿಗೆಯ ಮದ್ದುಗಳಲ್ಲಿ ಬಹಳಷ್ಟು ಬಿಸಿ ಗುಣದವು. ಬಿಸಿಲಿನಲ್ಲಿ ತಂಪು ಕೊಡಬೇಕು ಅಂತ ನಮಗೆ ಅನ್ನಿಸುತ್ತದೆ ಅಲ್ವಾ? ಚೀನೀ ವೈದ್ಯರ ಉತ್ತರ ಹೀಗಿದೆ. ಬೇಸಿಗೆಯಲ್ಲಿ ಮೈಯ ಕಾವು ಚರ್ಮದ ಕಡೆ ಬಂದುಬಿಡುತ್ತದೆ. ಒಳಗೆ ಖಾಲಿ, ತಣ್ಣಗೆ. ಬೇಸಿಗೆಯಲ್ಲಿ ಬಾವಿಯ ನೀರು ತಂಪಾಗಿರುವ ಹಾಗೆ. ಅಂಥ ಹೊಟ್ಟೆಗೆ ಐಸ್ ಹಾಕಿದ ಪಾನೀಯ, ಕಲ್ಲಂಗಡಿ ಸುರಿದರೆ ಪಿ ಮುದುಡುತ್ತದೆ. 'ಚಳಿಗಾಲಕ್ಕೆ ಮೂಲಂಗಿ, ಬೇಸಿಗೆಗೆ ಶುಂಠಿ ತಿನ್ನು' ಎಂಬ ಚೀನೀ ಗಾದೆ ಇದರಿಂದ ಬಂದದ್ದು. 16ನೆಯ ಶತಮಾನದ ಲಿ ಶಿಝೆನ್ ದೊಡ್ಡ ಮೂಲಿಕೆ ಕೋಶ ಬರೆದವರು. ತುಳಸಿ ಕುಟುಂಬದ ಶಿಯಾಂಗ್‌ರು ಎಂಬ ಸೊಪ್ಪಿನ ಬಗ್ಗೆ ಅವರು ಒಂದು ಮಾತು ಹೇಳಿದ್ದಾರೆ. ಚಳಿಗಾಲದಲ್ಲಿ ಬೆವರಿಳಿಸಲು ಮಾಹುವಾಂಗ್ ಎಂಬ ಮೂಲಿಕೆ ಹೇಗೋ ಬೇಸಿಗೆಗೆ ಇದು ಹಾಗೆ ಎಂದು. ಬಿಸಿಲಿನಿಂದ ಬಂದು ತಂಗಾಳಿಗೆ ಮೈಯೊಡ್ಡಿ, ತಣ್ಣನೆಯದನ್ನು ಕುಡಿದು ಹೊಟ್ಟೆ ಕೆಡಿಸಿಕೊಂಡವರಿಗೆ ಈ ಸೊಪ್ಪು.

ಎಲ್ಲರೂ ಇದನ್ನು ಒಪ್ಪಲಿಲ್ಲ. 14ನೆಯ ಶತಮಾನದ ವೈದ್ಯ ಝು ದಾನ್‌ಶಿ ಬಲವಾಗಿ ವಿರೋಧಿಸಿದರು. ಬೇಸಿಗೆಯಲ್ಲಿ ಒಳಗೆ ಇರುವುದು ಕೊರತೆಯೇ ಹೊರತು ಥಂಡಿ ಅಲ್ಲ. ಅದನ್ನು ಥಂಡಿ ಎಂದು ತಿಳಿದು ಬೇಗೆಯಲ್ಲಿ ಬಿಸಿ ಮದ್ದು ಕೊಡುವುದು ದೊಡ್ಡ ತಪ್ಪು ಎಂದರು. ಸರ್ಕಾರಿ ಪಟ್ಟಿಯ ಯೋಗಗಳನ್ನು ಕಣ್ಣು ಮುಚ್ಚಿ ಹಂಚುವ ವೈದ್ಯರ ಮೇಲೂ ಅವರಿಗೆ ಸಿಟ್ಟಿತ್ತು. ಚೀನೀ ವೈದ್ಯ ಎಂದರೆ ಒಂದೇ ದನಿಯ ಪುರಾತನ ಜ್ಞಾನ ಎಂದು ಬಿಂಬಿಸುವ ಬರಹಗಳಲ್ಲಿ ಈ ಜಗಳ ಕಾಣುವುದೇ ಇಲ್ಲ. ನನಗೆ ಈ ಪರಂಪರೆಯ ಜೀವ ಇರುವುದೇ ಈ ಜಗಳಗಳಲ್ಲಿ ಎನ್ನಿಸುತ್ತದೆ.

ಮುತ್ತಿಗೆಯಲ್ಲಿ ಹುಟ್ಟಿದ ಪಾಠ

1232ರಲ್ಲಿ ಮಂಗೋಲರು ಕೈಫೆಂಗ್‌ಗೆ ಮುತ್ತಿಗೆ ಹಾಕಿದರು. ಊರೊಳಗೆ ಹಸಿವು, ಭಯ, ನಿದ್ದೆಯಿಲ್ಲದ ದುಡಿತ. ಮುತ್ತಿಗೆ ಸಡಿಲವಾದ ಮೇಲೆ ಸಾಂಕ್ರಾಮಿಕ ಕಾಯಿಲೆ ಹಬ್ಬಿತು. ಲಕ್ಷಗಟ್ಟಲೆ ಹೆಣಗಳು ಊರ ಬಾಗಿಲು ದಾಟಿದವು ಎಂದು ಆ ಕಾಲದ ದಾಖಲೆ ಹೇಳುತ್ತದೆ. ಲಿ ಡೊಂಗ್‌ಯುವಾನ್ ಎಂಬ ವೈದ್ಯರು ಇದನ್ನೆಲ್ಲ ಕಣ್ಣಾರೆ ಕಂಡರು. ಉಳಿದ ವೈದ್ಯರು ಇದು ಹೊರಗಿನಿಂದ ಬಂದ ಶೀತ ಎಂದುಕೊಂಡು ಬೆವರಿಸುವ, ಭೇದಿ ಮಾಡಿಸುವ ಮದ್ದು ಕೊಟ್ಟರು. ಜನ ಇನ್ನಷ್ಟು ಬೇಗ ಸತ್ತರು. ತಿಂಗಳುಗಟ್ಟಲೆ ಹಸಿದು, ಆಮೇಲೆ ಒಮ್ಮೆಲೇ ಉಂಡ ಮೈಯಲ್ಲಿ ಪಿಯೇ ಕುಸಿದಿದೆ, ಅದನ್ನು ಎತ್ತಬೇಕೇ ಹೊರತು ಹೊಡೆಯಬಾರದು ಎಂಬುದು ಲಿ ಅವರ ವಾದ. 1249ರಲ್ಲಿ ಪಿ ಮತ್ತು ಹೊಟ್ಟೆಯ ಬಗ್ಗೆಯೇ ಒಂದು ಗ್ರಂಥ ಬರೆದರು. ದೀರ್ಘ ಬೇಸಿಗೆಯ ಸೆಕೆ ಮತ್ತು ತೇವ ಹೊಟ್ಟೆಯನ್ನು ಹೇಗೆ ಕುಗ್ಗಿಸುತ್ತದೆ ಎಂಬುದಕ್ಕೆ ಅದರಲ್ಲಿ ಒಂದು ಅಧ್ಯಾಯವೇ ಇದೆ.

ಋತು ಎಂಬ ಸುಳಿವನ್ನು ಹೇಗೆ ಬಳಸಬೇಕು ಎಂಬುದಕ್ಕೆ ಅವರ ಪುಸ್ತಕಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಮೂಲ ಕಷಾಯ ಒಂದೇ. ಋತು ಬದಲಾದರೆ ಒಂದೆರಡು ಮೂಲಿಕೆ ಸೇರುತ್ತದೆ, ಒಂದೆರಡು ಬಿಡುತ್ತದೆ. ಬೇಸಿಗೆಯಲ್ಲಿ ಹೊಟ್ಟೆ ನೋಯುತ್ತಿದೆ, ರೋಗಿಗೆ ಸೆಕೆ ಸೇರುತ್ತಿಲ್ಲ ಎಂದರೆ ಪಿಯೋನಿ ಬೇರು ಮತ್ತು ಹುವಾಂಗ್‌ಚಿನ್ ಎಂಬ ಕಹಿ ಬೇರು ಸೇರಿಸು ಎನ್ನುತ್ತಾರೆ. ಚಳಿಗಾಲದ ಹೊಟ್ಟೆನೋವಿಗೆ ಪಿಯೋನಿ ಕೊಡಬೇಡ, ಅದು ಬಹಳ ತಂಪು, ಒಣಶುಂಠಿ ಮಾತ್ರ ಸೇರಿಸು ಎನ್ನುತ್ತಾರೆ. ನೋವು ಅದೇ ಜಾಗದ್ದು, ರೋಗಿಯೂ ಅದೇ ಇರಬಹುದು. ಮೈ ನಿಂತಿರುವ ಹವೆ ಬೇರೆ.

ಇದರ ಹಿಂದಿನ ನಿಯಮ ನೇಯ್‌ಜಿಂಗ್‌ನದು. ತಂಪು ಮದ್ದನ್ನು ಚಳಿಯ ಕಾಲದಲ್ಲಿ ದೂರ ಇಡು, ಬಿಸಿ ಮದ್ದನ್ನು ಬೇಗೆಯ ಕಾಲದಲ್ಲಿ ದೂರ ಇಡು, ಊಟಕ್ಕೂ ಇದೇ ನಿಯಮ. ಆದರೆ ಅದೇ ಗ್ರಂಥ ವಿನಾಯಿತಿಯನ್ನೂ ಕೊಡುತ್ತದೆ. ಬೆವರಿಳಿಸಿ ಶೀತ ಬಿಡಿಸಬೇಕಾದರೆ ಬೇಸಿಗೆಯಲ್ಲೂ ಬಿಸಿ ಮದ್ದು ಆಗಬಹುದು. ಒಳಗಿನ ಕಾವನ್ನು ಭೇದಿಯಿಂದ ಇಳಿಸಬೇಕಾದರೆ ಚಳಿಯಲ್ಲೂ ತಂಪು ಮದ್ದು ಆಗಬಹುದು.

ಭೇದಿಯಿಂದ ಆಮಶಂಕೆಗೆ

ಬೇಸಿಗೆ ಕಳೆದು ಶರತ್ತು ಶುರುವಾಗುವ ಹೊತ್ತಿನ ಕಾಯಿಲೆ ಬೇರೆ. ಬರೀ ನೀರಾದ ಭೇದಿ ಅಲ್ಲ. ರಕ್ತ, ಲೋಳೆ, ಹೊಟ್ಟೆ ನುಲಿತ, ಎಷ್ಟು ತಿಣುಕಿದರೂ ಬಾರದ ಮಲ. ಇದನ್ನು ಅವರು ಲೀಜಿ ಎಂದು ಬೇರೆಯೇ ಎಣಿಸುತ್ತಾರೆ. ನಮ್ಮ ಆಮಶಂಕೆ. ಇಲ್ಲಿ ಗುಣ ಹೆಚ್ಚಾಗಿ ಬಿಸಿ. ಹಾಗಾಗಿ ಮದ್ದು ತಂಪು ಮತ್ತು ಕಹಿ. ಎಲ್ಲಕ್ಕಿಂತ ಮುಖ್ಯ ಹುವಾಂಗ್‌ಲಿಯೆನ್ ಎಂಬ ಹಳದಿ ಬೇರು. ಅದನ್ನು ಕೋಷ್ಠದ ಬೇರಿನ ಜೊತೆ ಸೇರಿಸಿ ಗುಳಿಗೆ ಮಾಡುತ್ತಾರೆ. ಕೋಷ್ಠ ಮೂಲತಃ ಕಾಶ್ಮೀರದ ಬೆಟ್ಟಗಳ ಗಿಡ. 12ನೆಯ ಶತಮಾನದ ಲಿಯು ವಾನ್‌ಸು ಎಂಬ ವೈದ್ಯರ ಪರಂಪರೆ ಇನ್ನೊಂದು ಸೂತ್ರ ಕೊಟ್ಟಿತು. ರಕ್ತ ಸರಿಯಾಗಿ ಓಡಿದರೆ ಕೀವು ತಾನೇ ನಿಲ್ಲುತ್ತದೆ, ಚಿ, ಅಂದರೆ ಮೈಯೊಳಗಿನ ಪ್ರಾಣಶಕ್ತಿ, ಸರಿಯಾಗಿ ಹರಿದರೆ ತಿಣುಕುವ ಸಂಕಟ ತಾನೇ ಹೋಗುತ್ತದೆ ಎಂದು.

ಹುವಾಂಗ್‌ಲಿಯೆನ್‌ನ ಹಳದಿ ಬಣ್ಣಕ್ಕೆ ಕಾರಣ ಬರ್ಬರಿನ್ ಎಂಬ ರಾಸಾಯನಿಕ. ನಮ್ಮ ಪಶ್ಚಿಮ ಘಟ್ಟದ ಮರದರಿಶಿನದಲ್ಲೂ ಇರುವುದು ಇದೇ. ಚೀನಾದಲ್ಲಿ ಬರ್ಬರಿನ್ ಮಾತ್ರೆಯನ್ನು ಭೇದಿಗೆ ಚೀಟಿಯಿಲ್ಲದೆ ಮಾರುತ್ತಾರೆ. ಢಾಕಾದಲ್ಲಿ 165 ವಯಸ್ಕರ ಮೇಲೆ ನಡೆದ ಒಂದು ಪರೀಕ್ಷೆಯ ಫಲಿತಾಂಶ 1987ರಲ್ಲಿ ಪ್ರಕಟವಾಯಿತು. ಇ. ಕೊಲೈ ಕ್ರಿಮಿಯ ಒಂದು ಬಗೆಯಿಂದ ಆದ ಭೇದಿಯಲ್ಲಿ ಬರ್ಬರಿನ್ ಮಲದ ಪ್ರಮಾಣವನ್ನು ಸ್ಪಷ್ಟವಾಗಿ ತಗ್ಗಿಸಿತು. ಕಾಲರಾದಲ್ಲಿ ಅದರ ಉಪಯೋಗ ಅಲ್ಪ. ಹಳೆಯ ವೈದ್ಯರು ಕಂಡದ್ದರಲ್ಲಿ ಒಂದು ಭಾಗ ನಿಜ, ಒಂದು ಭಾಗಕ್ಕೆ ಮಿತಿ ಇದೆ ಎಂದು ಇಷ್ಟು ಸ್ಪಷ್ಟವಾಗಿ ತೋರಿಸುವ ಪರೀಕ್ಷೆಗಳು ಕಡಿಮೆ.

ಕಾಲರಾದ ವಿಷಯ ಬಂದಾಗ ವಾಂಗ್ ಮೆಂಗ್‌ಯಿಂಗ್ ಎಂಬ ವೈದ್ಯರನ್ನು ನೆನೆಯದೆ ಮುಂದೆ ಹೋಗಲಾರೆ. 1817ರಲ್ಲಿ ಬಂಗಾಳದಿಂದ ಹೊರಟ ಕಾಲರಾ ಕೆಲವೇ ವರ್ಷಗಳಲ್ಲಿ ಚೀನಾ ಮುಟ್ಟಿತು. ವಾಂಗ್ 1838ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. 1862ರ ಬೇಸಿಗೆಯಲ್ಲಿ ಯುದ್ಧದ ನಿರಾಶ್ರಿತರಿಂದ ಕಿಕ್ಕಿರಿದ ಶಾಂಘೈನಲ್ಲಿ ಅದನ್ನು ತಿದ್ದಿ ಮತ್ತೆ ಬರೆದರು. ಇದು ಬಿಸಿಯ ಕಾಯಿಲೆಯೋ, ಥಂಡಿಯ ಕಾಯಿಲೆಯೋ ಎಂಬುದು ಆಗಿನ ದೊಡ್ಡ ಚರ್ಚೆ. ಊರಿನ ಬೇಸಿಗೆಯ ಕಾಲರಾ ಬಹಳಷ್ಟು ಬಿಸಿಯದು ಎಂಬುದು ಅವರ ವಾದ. ಆದರೆ ಇಂದು ಓದುವಾಗ ಮನಸ್ಸಿಗೆ ತಟ್ಟುವುದು ಇನ್ನೊಂದು ಮಾತು. ಕಾಲುವೆಗಳ ಹೂಳು ತೆಗೆಸಿ, ಕೊಳೆ ನಿಲ್ಲಲು ಬಿಡಬೇಡಿ, ಹೆಚ್ಚು ಬಾವಿ ತೋಡಿಸಿ, ಕೆಸರು ನೀರು ಕುಡಿಯಬೇಡಿ, ಬಾವಿಗೆ ಪಟಿಕ ಹಾಕಿ. ರಾಬರ್ಟ್ ಕಾಖ್ ಕಾಲರಾ ಕ್ರಿಮಿಯನ್ನು ಗುರುತಿಸಲು ಇನ್ನೂ 20 ವರ್ಷ ಇತ್ತು. ಋತುವಿನ ಕೆಟ್ಟ ಹವೆ ಎಂದು ಶುರು ಮಾಡಿದ ಯೋಚನೆ ಊರಿನ ನೀರಿಗೆ ಬಂದು ಮುಟ್ಟಿತ್ತು.

ವಸಂತದ ಸಿಟ್ಟು, ಶರತ್ತಿನ ಒಣಹವೆ

ವಸಂತದಲ್ಲಿ ಮರ ಚಿಗುರುತ್ತದೆ. ಮೈಯಲ್ಲಿ ಮರದ ಅಂಗ ಯಕೃತ್ತು, ಅದರ ಭಾವ ಸಿಟ್ಟು. ಮರದ ಬೇರು ಮಣ್ಣನ್ನು ಸೀಳುತ್ತದೆ, ಅಂದರೆ ಯಕೃತ್ತು ಪಿಯನ್ನು ಒತ್ತುತ್ತದೆ ಎಂಬುದು ಲೆಕ್ಕ. ಆಗ ಬರುವ ಭೇದಿಗೆ ಒಂದು ಗುರುತು ಹೇಳುತ್ತಾರೆ. ಮೊದಲು ನೋವು, ಆಮೇಲೆ ಭೇದಿ, ಭೇದಿ ಆದ ಕೂಡಲೇ ನೋವು ಶಮನ. ಮನಸ್ಸು ಕಲಕಿದಾಗೆಲ್ಲ ಮತ್ತೆ ಅದೇ. ಇದನ್ನು ಓದಿದ ಯಾವ ಡಾಕ್ಟರಿಗಾದರೂ ಐಬಿಎಸ್, ಅಂದರೆ ಕರುಳು ಕೆರಳಿ ಹೊಟ್ಟೆನೋವು, ಭೇದಿ ಮರುಕಳಿಸುವ ತೊಂದರೆ, ನೆನಪಾಗುತ್ತದೆ. ನಾಲ್ಕೇ ಮೂಲಿಕೆಗಳ ಹಳೆಯ ಯೋಗ ಇದಕ್ಕಿದೆ. 7ನೆಯ ಶತಮಾನದ ವೈದ್ಯ ಸುನ್ ಸಿಮಿಯಾವೊ ವಸಂತದ 72 ದಿನ ಹುಳಿ ಕಡಿಮೆ ಮಾಡಿ ಸಿಹಿ ಹೆಚ್ಚಿಸಿ, ಪಿಗೆ ಬಲ ಬರುತ್ತದೆ ಎಂದಿದ್ದರು. ಇಲ್ಲಿ ಸಿಹಿ ಎಂದರೆ ಸಕ್ಕರೆ ಅಲ್ಲ. ಅನ್ನ, ಗೆಣಸಿನಂಥ ಸಪ್ಪೆ ಸಿಹಿ.

ಐಬಿಎಸ್‌ಗೆ ಚೀನೀ ಮೂಲಿಕೆಗಳನ್ನು ಸರಿಯಾದ ಪರೀಕ್ಷೆಗೆ ಒಡ್ಡಿದ್ದಾರೆ. ಆಸ್ಟ್ರೇಲಿಯಾದಲ್ಲಿ 116 ಜನರ ಮೇಲೆ 16 ವಾರ ನಡೆದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಒಂದೇ ಯೋಗ ಕೊಟ್ಟ ಗುಂಪು, ರೋಗಿಗೆ ತಕ್ಕ ಹಾಗೆ ಯೋಗ ಬದಲಿಸಿದ ಗುಂಪು, ಎರಡೂ ಔಷಧಿ ಗುಣವಿಲ್ಲದ ಹುಸಿಮದ್ದು ತೆಗೆದುಕೊಂಡ ಗುಂಪಿಗಿಂತ ಸುಧಾರಿಸಿದವು. ಮದ್ದು ನಿಲ್ಲಿಸಿದ ಮೇಲೂ ಗುಣ ಉಳಿದದ್ದು ಯೋಗ ಬದಲಿಸಿದ ಗುಂಪಿನಲ್ಲಿ ಮಾತ್ರ. ಆದರೆ 2006ರಲ್ಲಿ ಪ್ರಕಟವಾದ ಹಾಂಗ್‌ಕಾಂಗ್‌ನ ಇನ್ನೊಂದು ಪರೀಕ್ಷೆಯಲ್ಲಿ 11 ಮೂಲಿಕೆಗಳ ಮದ್ದು ಹುಸಿಮದ್ದಿಗಿಂತ ಜಾಸ್ತಿ ಏನೂ ಮಾಡಲಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಮಾತಾಡಬೇಕು.

ವಸಂತಕ್ಕೆ ಸಂಬಂಧಿಸಿದ ಇನ್ನೊಂದು ಕಲ್ಪನೆ ಇದೆ. ವಸಂತದಲ್ಲಿ ಗಾಳಿಯಿಂದ ಪೆಟ್ಟು ತಿಂದರೆ, ಬೇಸಿಗೆಯಲ್ಲಿ ಉಂಡದ್ದು ಹಾಗೇ ಹೋಗುವ ಭೇದಿ ಬರುತ್ತದೆ ಎನ್ನುತ್ತದೆ ನೇಯ್‌ಜಿಂಗ್. ಒಂದು ಋತುವಿನ ಪೆಟ್ಟು ಮುಂದಿನ ಋತುವಿನಲ್ಲಿ ಕಾಯಿಲೆಯಾಗಿ ಏಳುತ್ತದೆ ಎಂಬ ನಂಬಿಕೆ. ಇದಕ್ಕೆ ಗಟ್ಟಿ ಆಧಾರ ನನಗೆ ಕಾಣುವುದಿಲ್ಲ. ಆದರೂ ಚಿಕಿತ್ಸೆಯ ಮೇಲೆ ಇದರ ಪ್ರಭಾವ ದೊಡ್ಡದು. ಚಳಿಗಾಲದ ಕಾಯಿಲೆಗೆ ಬೇಸಿಗೆಯಲ್ಲೇ ಚಿಕಿತ್ಸೆ ಶುರು ಮಾಡುವ ಪದ್ಧತಿ ಈ ಯೋಚನೆಯ ಸಂಬಂಧಿ. ಜುಲೈ ಮಧ್ಯದಿಂದ ಆಗಸ್ಟ್‌ವರೆಗಿನ ಅತಿ ಬೇಗೆಯ ದಿನಗಳಲ್ಲಿ ಚೀನಾದ ಆಸ್ಪತ್ರೆಗಳ ಮುಂದೆ ಬೆನ್ನಿಗೆ, ಹೊಟ್ಟೆಗೆ ಮದ್ದಿನ ಪಟ್ಟಿ ಹಾಕಿಸಿಕೊಳ್ಳುವವರ ಸಾಲು ನಿಲ್ಲುತ್ತದೆ. ಹೆಚ್ಚಿನವರು ಉಬ್ಬಸದವರು. ಚಳಿಯಲ್ಲಿ ಹೊಟ್ಟೆ ಕೆಡುವವರೂ ಇರುತ್ತಾರೆ.

ಶರತ್ತಿನ ಹವೆ ಒಣ. ಅದರ ಅಂಗ ಶ್ವಾಸಕೋಶ, ಅದರ ಜೋಡಿ ದೊಡ್ಡ ಕರುಳು. ಹಾಗಾಗಿ ಒಣಕೆಮ್ಮು ಮತ್ತು ಮಲಬದ್ಧತೆಯನ್ನು ಒಂದೇ ಮನೆಯ ಕಾಯಿಲೆ ಎಂದು ನೋಡುತ್ತಾರೆ. ಪಿಯರ್ ಹಣ್ಣು, ಜೇನು, ಎಳ್ಳು ತಿನ್ನಿಸುತ್ತಾರೆ. ಗಟ್ಟಿ ಮಲಕ್ಕೆ 1,800 ವರ್ಷ ಹಳೆಯ ಯೋಗ ಒಂದಿದೆ. ಅದರ ಮುಖ್ಯ ವಸ್ತು ಎಣ್ಣೆಯಂಶ ಇರುವ ಹೆಂಪ್ ಬೀಜ, ಜೊತೆಗೆ ರೇವಲ್ಚಿನ್ನಿ. ಹಾಂಗ್‌ಕಾಂಗ್‌ನಲ್ಲಿ 120 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಇದು ಶೇ. 43 ಜನರಿಗೆ ಗುಣ ಕೊಟ್ಟಿತು, ಹುಸಿಮದ್ದು ಶೇ. 8 ಜನರಿಗೆ. ರೇವಲ್ಚಿನ್ನಿ ಭೇದಿ ಮಾಡಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹಾಗಾಗಿ ಇದು ಆಶ್ಚರ್ಯದ ಮಾತಲ್ಲ.

ಅದೇ ಶರತ್ತಿನಲ್ಲಿ ಪುಟ್ಟ ಮಕ್ಕಳಿಗೆ ನೀರಿನಂಥ ಭೇದಿ, ವಾಂತಿ. ಚೀನಾದ ತಾಯಂದಿರು ಅದನ್ನು 'ಶರತ್ತಿನ ಭೇದಿ' ಅಂತಲೇ ಕರೆಯುತ್ತಾರೆ. ತೇವ ಕಳೆದ ಮೇಲೂ ಭೇದಿ ಏಕೆ ಎಂಬುದಕ್ಕೆ ಹಳೆಯ ಲೆಕ್ಕದಲ್ಲಿ ಸಲೀಸಾದ ಉತ್ತರ ಇರಲಿಲ್ಲ. ಉತ್ತರ ಸಿಕ್ಕಿದ್ದು 1973ರಲ್ಲಿ, ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ರೋಟಾವೈರಸ್ ಕಂಡುಹಿಡಿದಾಗ. ಬ್ಯಾಕ್ಟೀರಿಯಾಗೆ ಸೆಕೆ ಇಷ್ಟ, ಈ ವೈರಸ್‌ಗೆ ತಂಪು ಒಣಹವೆ ಇಷ್ಟ. ಋತುವಿನ ಗುರುತು ಸರಿಯಾಗಿತ್ತು, ಕಾರಣ ಬೇರೆ ಇತ್ತು.

ಚಳಿಗಾಲದ ಬೆಳಗಿನ ಜಾವ

ಚಳಿಗಾಲದ ಅಂಗ ಮೂತ್ರಪಿಂಡ. ಇಡೀ ಮೈಯ ಕಾವಿನ ಮೂಲ ಅದು ಎನ್ನುತ್ತಾರೆ. ವಯಸ್ಸಾದಂತೆ ಆ ಕಾವು ಕುಂದುತ್ತದೆ. ಬೆಳಗಿನ ಜಾವ ಚಳಿ ತುತ್ತತುದಿಯಲ್ಲಿರುವಾಗ ಪಿಗೆ ಸಾಕಷ್ಟು ಬಿಸಿ ಸಿಗದೆ ಭೇದಿ ಆಗುತ್ತದೆ. ಇದಕ್ಕೆ ಕೊಡುವ ಗುಳಿಗೆಯ ಹೆಸರು ಸಿಶೆನ್. ಅದರಲ್ಲಿ ಮುಖ್ಯವಾಗಿ ನಾಲ್ಕು ವಸ್ತು. ಒಂದು ಜಾಯಿಕಾಯಿ, ಇನ್ನೊಂದು ನಮ್ಮಲ್ಲಿ ಬಾವಂಚಿ ಎನ್ನುವ ಬೀಜ. ಮಗುವಿನ ಹೊಟ್ಟೆ ಕೆಟ್ಟಾಗ ಜಾಯಿಕಾಯಿ ತೇಯ್ದು ನೆಕ್ಕಿಸುವ ನಮ್ಮ ಅಜ್ಜಿಯರಿಗೆ ಇದು ಹೊಸತೆನಿಸದು. ಮೂಲಿಕೆಯಲ್ಲದೆ, ಹೊಕ್ಕುಳಿಗೆ ಉಪ್ಪು ತುಂಬಿ, ಮೇಲೆ ಮಾಚಿಪತ್ರೆಯ ಜಾತಿಯ ಒಣ ಎಲೆಯ ಉಂಡೆ ಹೊತ್ತಿಸಿ ಕಾವು ಕೊಡುವ ಪದ್ಧತಿಯೂ ಇದೆ. ಅಜಾಗರೂಕತೆಯಿಂದ ಚರ್ಮ ಸುಟ್ಟುಕೊಂಡವರಿದ್ದಾರೆ, ಮನೆಯಲ್ಲಿ ಪ್ರಯೋಗ ಬೇಡ. ಬಾವಂಚಿಯ ಬಗ್ಗೆಯೂ ಎಚ್ಚರ ಬೇಕು. ಅದರಿಂದ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ದಾಖಲಾಗಿವೆ.

ಋತು ಒಂದು, ರೋಗಿ ಇನ್ನೊಂದು

ಹವೆ ಒಂದು ಹೇಳಿ, ಮೈ ಇನ್ನೊಂದು ಹೇಳಿದರೆ? ಮೈಯ ಮಾತನ್ನೇ ಕೇಳಬೇಕು ಎಂಬುದು ಅವರ ನಿಯಮ. ಡಿಸೆಂಬರ್‌ನಲ್ಲಿ ಬಂದ ರೋಗಿಯ ನಾಲಿಗೆ ಕೆಂಪಗಿದೆ, ಮೇಲೆ ಹಳದಿ ಜಿಡ್ಡು, ಮಲ ಸುಡುತ್ತದೆ, ಕೆಟ್ಟ ವಾಸನೆ ಎಂದರೆ ಅದು ಬಿಸಿಯ ಕಾಯಿಲೆಯೇ. ಹುವಾಂಗ್‌ಲಿಯೆನ್ ಕೊಡುತ್ತಾರೆ. ಆಗಸ್ಟ್‌ನಲ್ಲಿ ಬಂದವರ ನಾಲಿಗೆ ಬಿಳಿಚಿದೆ, ಕೈಕಾಲು ತಣ್ಣಗಿದೆ, ಮಲ ನೀರಿನಂತೆ ವಾಸನೆಯಿಲ್ಲದೆ ಹೋಗುತ್ತಿದೆ ಎಂದರೆ ಒಣಶುಂಠಿ. ಊರೂ ಮುಖ್ಯ. ಗುವಾಂಗ್‌ಝೌನಲ್ಲಿ ವರ್ಷದ ಬಹುಪಾಲು ಸೆಕೆ, ತೇವ. ಅಲ್ಲಿ ಬೀದಿ ಬೀದಿಯಲ್ಲಿ ಕಹಿ ಕಷಾಯದ ಅಂಗಡಿಗಳು. ಅದೇ ಕಷಾಯವನ್ನು ಹಿಮ ಬೀಳುವ ಉತ್ತರದ ಹಾರ್ಬಿನ್‌ನವರು ದಿನಾ ಕುಡಿದರೆ ಹೊಟ್ಟೆ ಕೆಡುತ್ತದೆ ಎನ್ನುತ್ತಾರೆ. ಕಾಲ, ಸ್ಥಳ, ವ್ಯಕ್ತಿ ಮೂರನ್ನೂ ನೋಡು ಎಂಬುದು ಅಲ್ಲಿನ ವಿದ್ಯಾರ್ಥಿಗಳು ಮೊದಲ ವರ್ಷವೇ ಕಲಿಯುವ ಮಾತು. ಹಾಗಾಗಿ 'ಈ ತಿಂಗಳಿಗೆ ಈ ಚೀನೀ ಚಹಾ' ಎಂದು ಮಾರುವವರ ಮಾತನ್ನು ನಾನು ನಂಬುವುದಿಲ್ಲ. ಅದು ಚೀನೀ ವೈದ್ಯವೂ ಅಲ್ಲ.

ಭೇದಿಯಲ್ಲಿ ಪ್ರಾಣ ತೆಗೆಯುವುದು ಹೆಚ್ಚಾಗಿ ಮೈಯಿಂದ ಹೋಗುವ ನೀರು ಮತ್ತು ಉಪ್ಪು. ಇದಕ್ಕೆ ಯಾವ ಋತುವಿನ ಯಾವ ಮೂಲಿಕೆಯೂ ಉತ್ತರ ಅಲ್ಲ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ಡಾ. ದಿಲೀಪ್ ಮಹಲನಬಿಸ್ ಉಪ್ಪು, ಸಕ್ಕರೆ, ಸೋಡಾ ಬೆರೆಸಿದ ನೀರು ಕುಡಿಸಿದರು. ಅಲ್ಲಿ ಸಾವಿನ ಪ್ರಮಾಣ ಶೇ. 30ರ ಸುಮಾರಿನಿಂದ ಶೇ. 3.6ಕ್ಕೆ ಇಳಿಯಿತು. ಇಂದು ಚೀನಾದ ಸಾಂಪ್ರದಾಯಿಕ ಆಸ್ಪತ್ರೆಗಳಲ್ಲೂ ತೀವ್ರ ಭೇದಿಗೆ ಡ್ರಿಪ್ ಹಾಕುತ್ತಾರೆ, ಮಲ ಪರೀಕ್ಷೆ ಮಾಡಿಸುತ್ತಾರೆ. ಮಲದಲ್ಲಿ ರಕ್ತ, ಜೋರು ಜ್ವರ, ಮೂತ್ರ ಕಡಿಮೆಯಾಗುವುದು, ಮಗುವಿನ ಕಣ್ಣು ಗುಳಿಬೀಳುವುದು ಕಂಡರೆ ಋತುವಿನ ಯೋಚನೆ ಬಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಡಾಕ್ಟರಿಕೆ ಓದಲು, ವ್ಯಾಪಾರಕ್ಕೆ ಅಂತ ಚೀನಾಕ್ಕೆ ಹೋಗುವ ನಮ್ಮವರು ಕೆಲವು ವಿಷಯ ತಿಳಿದಿರುವುದು ಒಳ್ಳೆಯದು. ಹುವೋಶಿಯಾಂಗ್ ಝೆಂಗ್‌ಚಿಯ ಹಳೆಯ ದ್ರವರೂಪದಲ್ಲಿ ಶೇ. 40ರಿಂದ 50ರಷ್ಟು ಆಲ್ಕೋಹಾಲ್ ಇರುತ್ತದೆ. ಹೊಟ್ಟೆ ಕೆಟ್ಟಾಗ ನಮ್ಮಲ್ಲಿ ಸಾಮಾನ್ಯವಾಗಿ ನುಂಗುವ ಮೆಟ್ರೊನಿಡಜೋಲ್ ಅಥವಾ ಕೆಲವು ಸೆಫಲೋಸ್ಪೊರಿನ್ ಆ್ಯಂಟಿಬಯಾಟಿಕ್‌ಗಳ ಜೊತೆ ಅದನ್ನು ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ಬಿಪಿ ಕುಸಿಯುವ ಅಪಾಯ ಇದೆ. ಕುಡಿದ ಕೂಡಲೇ ಗಾಡಿ ಓಡಿಸಿದರೆ ಪೊಲೀಸರ ಉಸಿರು ಪರೀಕ್ಷೆಯಲ್ಲೂ ಸಿಕ್ಕಿಬೀಳಬಹುದು. ಆಲ್ಕೋಹಾಲ್ ಇಲ್ಲದ ಕ್ಯಾಪ್ಸೂಲ್ ಸಿಗುತ್ತದೆ, ಕೇಳಿ ತೆಗೆದುಕೊಳ್ಳಿ. ಅದಕ್ಕಿಂತ ಮೊದಲು ಒಆರ್‌ಎಸ್ ಪುಡಿ ಕೇಳಿ. ಅಲ್ಲಿನ ಅಂಗಡಿಯವರಿಗೆ ಅದು 'ಕೋಫು ಬುಯೆ ಯೆನ್' ಎಂದರೆ ಗೊತ್ತಾಗುತ್ತದೆ.